ಅಮಾವಾಸ್ಯೆಗೊಮ್ಮೆ ಮತ್ತೆ ಅ

ಈ ಇಪ್ಪತ್ತೊಂದು ವರ್ಷದಲ್ಲಿ ನಾನು ಮಾಡಿದ ಮೂರ್ಖತನಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ, ಆ ಸಾಲು ಕಾರವಾರದ ಕಚೇರಿ ಮೆಟ್ಟಿಲಿಂದ ಹೊರಟು ಕೋಡಿಬಾಗದ ಹೊಳೆದಂಡೆಯನ್ನು ಮುಟ್ಟೀತು. ಮೆಟ್ರಿಕ್ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಉರುಳಿದ್ದು ಆ ಸಾಲಿನಲ್ಲಿ ಎಲ್ಲೋ ಹಿಂದೆ, ನಾಚಿಕೊಂಡು ನಿಂತಿದೆ. ಎಲ್ಲಕ್ಕಿಂತ ಮುಂದೆ ಎದೆ ಸೆಟೆಸಿ ನಿಂತದ್ದು ಬೇರೆಯೇ ಒಂದು: ನಾನು ಒಂದು ಮಗುವಿಗೆ ಇಪ್ಪತ್ತೆರಡೇ ದಿನದಲ್ಲಿ ಓದಲು ಕಲಿಸಿದೆ!

ಇದರಲ್ಲಿ ಮೂರ್ಖತನ ಏನು ಬಂತು, ಶಾಲು ಹೊದಿಸಬೇಕಾದ ಕೆಲಸವಲ್ಲವೇ ಎಂದು ಕೇಳುತ್ತೀರಿ. ತಡೆಯಿರಿ. ಅದು ತಿಳಿಯಬೇಕಾದರೆ ಮೊದಲು ನನ್ನ ದೊಡ್ಡಪ್ಪನನ್ನು ತಿಳಿಯಬೇಕು. ಇಡೀ ಅಂಕೋಲೆ ತಾಲೂಕಿನಲ್ಲಿ, ಮಕ್ಕಳಿಗೆ ಓದು ಬಾರದ ಹಾಗೆ ಪಾಠ ಹೇಳುವ ವಿದ್ಯೆ ಬಲ್ಲವರು ಅವರೊಬ್ಬರೇ!

ಮೊದಲಿಂದ ಹಾಗಿದ್ದವರಲ್ಲ. ಮೂವತ್ತು ವರ್ಷ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಅಂಕೋಲೆಯ ಅರ್ಧ ಊರಿಗೆ ಕಿವಿ ಹಿಂಡಿ ಅಕ್ಷರ ಕಲಿಸಿದವರು. ಇನ್ನರ್ಧ ಊರಿನ ಕಿವಿ ಇವತ್ತಿಗೂ ನೆಟ್ಟಗಿದೆ ಎಂದರೆ ಆ ಮಂದಿ ಶಾಲೆಗೆ ಹೋಗಲಿಲ್ಲ ಎಂದೇ ಅರ್ಥ. ಒಮ್ಮೆ ಒಬ್ಬ ಗಾಡಿ ಹೊಡೆಯುವವನಿಗೆ ಒಂದೇ ಮಳೆಗಾಲದಲ್ಲಿ ಓದು ಕಲಿಸಿದರಂತೆ. ಮಳೆ ನಿಂತ ಮೇಲೆ ಅವನ ಎತ್ತುಗಳೂ ಮೈಲಿಗಲ್ಲಿನ ಮುಂದೆ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿದ್ದವಂತೆ. ನಾನು ನೋಡಿದ್ದಲ್ಲ. ಆದರೆ ಎತ್ತುಗಳ ಮೇಲೆ ನನಗೆ ಗೌರವವಿದೆ, ಅವು ನನಗಿಂತ ಬೇಗ ಪಾಸಾದವು.

ಪಿಂಚಣಿಗೆ ಬಂದ ಮೇಲೂ ಚಾಳಿ ಬಿಡಲಿಲ್ಲ. ಪೇಟೆಯಲ್ಲಿ ಯಾರದಾದರೂ ಅಂಗಡಿಯ ಹಲಗೆಯ ಮೇಲೆ ತಪ್ಪು ಕಂಡರೆ ಕೊಡೆ ಊರಿ ನಿಂತುಬಿಡುವರು.

"ಏ, ಇದೆಂತ ಬರದ್ಯಾ?"

"ಸಕ್ಕರೆ ಅಂತ, ಮಾಸ್ತರೇ."

"ಒತ್ತು ಎಲ್ಲೋತು?"

"ಬಣ್ಣ ಮುಗದೋತು, ಮಾಸ್ತರೇ."

"ತೂಕ ಮಾಡುವಾಗೂ ಹೀಂಗೇ ಮುಗೀತದನಾ?"

ಅಂಗಡಿಯವನು ಮೊಮ್ಮಕ್ಕಳಿದ್ದ ಮುದುಕ. ಗಿರಾಕಿಗಳ ಎದುರೇ ಎರಡೂ ಕಿವಿ ಹಿಡಿದುಕೊಂಡು ನಿಂತ!

ಇಂಥ ಮಹಾನುಭಾವರು ಸ್ವಂತ ಮೊಮ್ಮಗಳಿಗೆ ಹೇಗೆ ಪಾಠ ಹೇಳುತ್ತಿದ್ದರು ಗೊತ್ತೇ? ಮೊಮ್ಮಗಳು ಗಿರಿಜೆಗೆ ಆಗ ಎಂಟು ವರ್ಷ. ಅವಳ ಅಮ್ಮ, ಎಂದರೆ ದೊಡ್ಡಪ್ಪನ ಒಬ್ಬಳೇ ಮಗಳು, ನನ್ನ ಅಕ್ಕ, ಜ್ವರ ಬಂದು ತೀರಿಕೊಂಡು ಐದು ವರ್ಷವಾಗಿತ್ತು. ಅಪ್ಪ ಬೊಂಬಾಯಿಯ ಗಿರಣಿಯಲ್ಲಿ ಕೆಲಸಕ್ಕಿದ್ದ. ಹುಡುಗಿ ಅಜ್ಜ ಅಜ್ಜಿಯ ಹತ್ತಿರ. ಶಾಲೆಗೆ ಕಳಿಸಲಿಲ್ಲ. "ಈಗಿನ ಮಾಸ್ತರಂಗೆ ಅಕ್ಷರ ಕಲಿಸ್ದವ ನಾನು. ಅವನ ಕೈಲಿ ನನ್ನ ಮೊಮ್ಮಗಳು ಕಲಿಯೂದಾ?" ಎಂದು ಮನೆಯಲ್ಲೇ ಪಾಠ.

ಆಹಾ, ಏನು ಪಾಠ! ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಪಾಟಿಯನ್ನು ಬಾವಿಕಟ್ಟೆಗೆ ಒಯ್ದು, ಬೂದಿ ಹಾಕಿ ತಿಕ್ಕಿ ತೊಳೆದು, ಬಿಸಿಲಿಗಿಟ್ಟು, ಮತ್ತೆ ಅ ಇಂದ ಶುರು! ಹಿಂದಿನ ತಿಂಗಳು ಕಲಿತದ್ದೆಲ್ಲ ಹಳಸಿತು ಎಂದು ಅವರ ಸಿದ್ಧಾಂತ. ಹದಿನೈದು ದಿನ ಸ್ವರ. ಆಮೇಲೆ ಹೇಗೋ ತಿಣುಕಿ ತ ಥ ದ ಧ ತನಕ ಬರುವಷ್ಟರಲ್ಲಿ ಚಂದ್ರ ಸವೆದು ಮತ್ತೆ ಅಮಾವಾಸ್ಯೆ. ಮಳೆಗಾಲದಲ್ಲಿ ಬಳಪ ಥಂಡಿ ಹಿಡಿಯುತ್ತದೆ ಎಂದು ರಜೆ. ಈಶಾಡು ಮಾವು ಹಣ್ಣಾಗುವ ತಿಂಗಳು ಪಾಟಿಗೆ ರಸ ಹತ್ತುತ್ತದೆ ಎಂದು ರಜೆ. ಸೆಖೆಯಲ್ಲಿ ಅಕ್ಷರ ಒಣಗಿ ಬಿರುಕು ಬಿಡುತ್ತದೆ ಎಂದು ರಜೆ! ಒಂದೂವರೆ ವರ್ಷದಲ್ಲಿ ಆ ಹುಡುಗಿ ಹತ್ತಿಪ್ಪತ್ತು ಸಲ ಅ ಬರೆದು ಒಂದು ಸಲವೂ ಳ ಕಂಡಿರಲಿಲ್ಲ.

ಅವಳಿಗೆ ಓದು ಬೇಕಾಗಿದ್ದದ್ದು ಬರೀ ಓದಿಗಾಗಿ ಅಲ್ಲ. ಒಂದೂವರೆ ವರ್ಷದ ಹಿಂದೆ ಬೊಂಬಾಯಿಯಿಂದ ಅಪ್ಪನ ಕಾಗದ ಬಂದಿತ್ತು, ಅವಳ ಹೆಸರಿಗೇ. ಟಪಾಲಿನವನು ದಾರಿಯಲ್ಲಿ ಆಡುತ್ತಿದ್ದವಳನ್ನು ಕರೆದು ಕೈಗೇ ಕೊಟ್ಟಿದ್ದ. ಅವಳು ಓಡಿ ತಂದು ಅಜ್ಜನಿಗೆ ಕೊಟ್ಟು "ಓದು ಅಜ್ಜಾ" ಎಂದಳು. ದೊಡ್ಡಪ್ಪ ಅದನ್ನು ಹಿಡಿದು ಒಳಗೆ ಹೋದರು, ಸ್ವಲ್ಪ ಹೊತ್ತಿಗೆ ಬರಿಗೈಯಲ್ಲಿ ಹೊರಗೆ ಬಂದರು. "ಇದು ನಿನ್ನ ಹೆಸರಿಗೆ ಬಂದದ್ದು ಮಗಾ. ಮತ್ತೊಬ್ಬರ ಕಾಗದ ಓದೂದು ಮರ್ಯಾದೆ ಅಲ್ಲ. ನೀ ಓದುಕೆ ಕಲಿ, ಕಲ್ತ ದಿನ ಕೊಡ್ತೆ." ಕಾಗದ ಪೆಟ್ಟಿಗೆಗೆ, ಪೆಟ್ಟಿಗೆಗೆ ಬೀಗ, ಬೀಗದ ಕೈ ದೊಡ್ಡಪ್ಪನ ಉಡಿದಾರಕ್ಕೆ!

ಗಿರಿಜೆಗೆ ಮಾತ್ರ ಒಳಗೆ ಏನಿದೆ ಎಂಬ ಸಂಶಯವೇ ಇರಲಿಲ್ಲ. 'ಬಾ' ಎಂದು ಬರೆದಿದೆ. ಮತ್ತೇನಿರುತ್ತದೆ? ಓದಿದ ಮರುದಿನವೇ ಹೊರಡುವುದು. ಉಡುವ ಎರಡು ಪರಕಾರ, ಒಂದು ಹಣಿಗೆ, ಒಂದು ಕವಡೆ ಡಬ್ಬಿ ಸೇರಿಸಿ ಗಂಟು ಕಟ್ಟಿ ಭತ್ತದ ಕಣಜದ ಹಿಂದೆ ಇಟ್ಟುಕೊಂಡಿದ್ದಳು.

ಇಂಥ ಹೊತ್ತಿನಲ್ಲಿ ನಾನು ಅವತರಿಸಿದೆ. ಎರಡನೆಯ ಸಲ ಮೆಟ್ರಿಕ್ ಉರುಳಿದ ನನ್ನ ಮುಖ ಕಾರವಾರದ ಪೇಟೆಯಲ್ಲಿ ಕಾಣುವುದು ಬೇಡ ಎಂದು ಅಪ್ಪ ನನ್ನನ್ನು ಮೋಟಾರಿಗೆ ಹತ್ತಿಸಿ ಅಂಕೋಲೆಗೆ ಸಾಗಿಸಿದರು. ಜತೆಗೆ ದೊಡ್ಡಪ್ಪನಿಗೆ ನಾಲ್ಕು ಪುಟದ ಕಾಗದ. ಅದರಲ್ಲಿ ನನ್ನ ಹೆಸರು ಒಂದು ಸಲ, ಕತ್ತೆಯ ಹೆಸರು ಏಳು ಸಲ.

"ಬಂದ್ಯಾ ಮೆಟ್ರಿಕ್ಕು?" ಎಂದರು ದೊಡ್ಡಪ್ಪ.

"ಬಂದೆ ದೊಡ್ಡಪ್ಪಾ."

"ಎಷ್ಟನೇ ಸಲ?"

"ಅಂಕೋಲೆಗೋ, ಮೆಟ್ರಿಕ್ಕಿಗೋ?"

ದೊಡ್ಡಮ್ಮ ನಕ್ಕಳು. ದೊಡ್ಡಪ್ಪ ನಗಲಿಲ್ಲ. ಮಾಸ್ತರರು ನಗುವುದು ಪಿಂಚಣಿಯ ನಿಯಮಕ್ಕೆ ವಿರುದ್ಧವೋ ಏನೋ.

ಮರುದಿನ ಪಾಠ ನೋಡಿದೆ, ಕಾಗದದ ಕತೆ ಕೇಳಿದೆ, ಗಂಟನ್ನೂ ನೋಡಿದೆ. ನನ್ನ ಹೊಟ್ಟೆಯೊಳಗಿನ ವೀರ ಎದ್ದು ಕೂತ. ಮುದುಕನಿಗೆ ಅರಳುಮರಳು! ಅಥವಾ ಹಟ! ಮೂವತ್ತು ವರ್ಷದ ಮಾಸ್ತರಿಕೆಯನ್ನು ಎರಡು ಸಲ ಫೇಲಾದವನೊಬ್ಬ ಸೋಲಿಸಿದರೆ ಹೇಗಿರುತ್ತದೆ? ನಿಜ ಹೇಳುತ್ತೇನೆ, ಮಗುವಿನ ಮೇಲೆ ಕನಿಕರ ನಾಲ್ಕಾಣೆ, ಈ ಚಪಲ ಹನ್ನೆರಡಾಣೆ.

ದೊಡ್ಡಪ್ಪ ಮಧ್ಯಾಹ್ನ ಉಂಡು ಗೊರಕೆ ಹೊಡೆಯುವ ಹೊತ್ತೇ ನಮ್ಮ ಶಾಲೆ. ಬಾವಿಯಾಚೆಯ ಗೇರುಮರದ ನೆರಳು. ಪಾಟಿ ಇಲ್ಲ, ಮರಳಿನ ಮೇಲೆ ಬೆರಳು. ಠ ಎಂದರೆ ಬಂಗಡೆ ಮೀನಿನ ಕಣ್ಣು. ರ ಎಂದರೆ ಮುದುಡಿ ಮಲಗಿದ ಸಿಗಡಿ. ಒತ್ತಕ್ಷರಕ್ಕೆ ಬಂದಾಗ ನನ್ನ ನಾಲಗೆ ನನ್ನ ಬುದ್ಧಿಗಿಂತ ಮುಂದೆ ಓಡಿತು: "ನೋಡು, ದೊಡ್ಡ ಅಕ್ಷರ ಅಮ್ಮ. ಅಮ್ಮನ ಕಾಲಿಗೆ ಜೋತುಬಿದ್ದದ್ದು ಮಗು."

ಗಿರಿಜೆ ಆ ದೊಡ್ಡ ಅಕ್ಷರದ ಮೇಲೆ ಬೆರಳಿಟ್ಟಳು. "ಅಜ್ಜನ ಕಾಲಿಗೆ ಅನ್ನು ಮಾವಾ" ಎಂದಳು.

ಅನ್ನದೆ ಉಂಟೇ? ಅಂದೆ.

ಹುಡುಗಿ ಬೆಂಕಿ! ನಾಲ್ಕನೆಯ ದಿನ ನಶ್ಯದ ಡಬ್ಬಿ ಓದಿದಳು. ಹತ್ತನೆಯ ದಿನ ಬೆಲ್ಲ ಕಟ್ಟಿ ತಂದ ಪತ್ರಿಕೆಯ ಚೂರು. ಕೈಬರಹದ ರೂಢಿಗೆ ಮಾತ್ರ ಏನೂ ಸಿಗಲಿಲ್ಲ, ನನ್ನ ಅಪ್ಪನ ಆ ನಾಲ್ಕು ಪುಟವನ್ನೇ ಕದ್ದು ತಂದೆ. "ಈ ಕತ್ತೆಗೆ... ಅನ್ನ ಹಾಕುವುದೂ... ದಂಡ" ಎಂದು ಬೆರಳಿಟ್ಟು ಓದಿ, "ಮಾವಾ, ಈ ಕತ್ತೆ ನಿಮ್ಮನೇದಾ?" ಎಂದು ಕೇಳಿದಳು. ಹೌದು, ತುಂಬ ವರ್ಷದಿಂದ ಸಾಕಿದ್ದಾರೆ ಎಂದೆ. ಇಪ್ಪತ್ತೆರಡನೆಯ ದಿನ ನಾಲ್ಕೂ ಪುಟ ಎಡವದೆ ಓದಿದಳು. ನನ್ನ ಮಾನ ಹೋಯಿತು, ಅವಳಿಗೆ ವಿದ್ಯೆ ಬಂತು.

ದೊಡ್ಡಮ್ಮನಿಗೆ ನಮ್ಮ ಶಾಲೆಯ ಸುಳಿವು ಹತ್ತಿತ್ತು. "ತಮಾ, ಅವ್ರು ಕಲಿಸೂದಿಲ್ಲ ಅಂದ್ರೆ ಅದಕ್ಕೆಂತಾದ್ರೂ ಇದ್ದೀತು. ನಂಗೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ನೀ ಸುಮ್ನಿರು" ಎಂದಳು. ಸುಮ್ಮನಿರುವುದು ಗೊತ್ತಿದ್ದರೆ ನಾನು ಯಾಕೆ ನಾನಾಗಿರುತ್ತಿದ್ದೆ?

ಅಮಾವಾಸ್ಯೆ ಬಂತು. ದೊಡ್ಡಪ್ಪ ಪಾಟಿ ತೊಳೆದು ತಂದು ಜಗಲಿಯ ಮೇಲೆ ಕೂತು, "ಬಾ ಮಗಾ, ಬರಿ ಅ" ಎಂದರು. ನಾನು ಕಂಬಕ್ಕೊರಗಿ ನಿಂತು ಕೆಮ್ಮಿದೆ. ಅದೇ ನಮ್ಮ ಸಂಕೇತ. ಗಿರಿಜೆ ಪಾಟಿ ಬದಿಗೆ ಸರಿಸಿ, ಅಜ್ಜನ ಪಕ್ಕದಲ್ಲಿದ್ದ ಪಂಚಾಂಗ ತೆಗೆದು, ಗಟ್ಟಿಯಾಗಿ ಅರ್ಧ ಪುಟ ಓದಿಬಿಟ್ಟಳು!

ದೊಡ್ಡಪ್ಪನ ಮುಖ ಸುಣ್ಣವಾಯಿತು. ಸೋತ ಮುಖ ಎಂದರೆ ಇದೇ ಎಂದು ನಾನು ಹಿಗ್ಗಿದೆ. ಅಯ್ಯೋ ನನ್ನ ಹಿಗ್ಗೇ!

"ಪೆಟ್ಟಿಗೆ ತೆಗೀರಿ ದೊಡ್ಡಪ್ಪಾ!"

"ಅದು ಅಚ್ಚಿನ ಅಕ್ಷರ. ಕೈಬರಹ ಬೇರೆ. ಇನ್ನೊಂದ್ ವರ್ಷ ಹೋಗ್ಲಿ."

"ಕೈಬರಹವೂ ಆಗಿದೆ. ಬೇಕಾದ್ರೆ ನನ್ನ ಅಪ್ಪನ ಬೈಗುಳ ಕೇಳಿ ನೋಡಿ."

"ಬರೂ ಮಳೆಗಾಲ ಕಳೀಲಿ."

"ಕಲ್ತ ದಿನ ಕೊಡ್ತೆ ಅಂದಿದ್ರಲ್ಲ? ಮಾಸ್ತರ ಮಾತಿಗೆ ಬೆಲೆ ಇಲ್ವಾ?"

ಇದನ್ನು ಅಂದದ್ದು ನಾನೇ. ನಗುತ್ತಲೇ ಅಂದೆ. ಗಿರಿಜೆ ಅಷ್ಟರಲ್ಲಿ ಒಳಗೆ ಓಡಿ ಕಣಜದ ಹಿಂದಿನ ಗಂಟನ್ನು ತಂದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ದೊಡ್ಡಪ್ಪ ಆ ಗಂಟನ್ನು ನೋಡಿದರು. ಎದ್ದರು. ಉಡಿದಾರದಿಂದ ಬೀಗದ ಕೈ ಬಿಚ್ಚಲು ಅವರಿಗೆ ಬಹಳ ಹೊತ್ತು ಹಿಡಿಯಿತು.

ಲಕೋಟೆ ಮೊದಲೇ ಒಡೆದಿತ್ತು. ಅನ್ನದ ಅಗುಳಿನಿಂದ ಮತ್ತೆ ಅಂಟಿಸಿದ್ದರು. ಅದನ್ನು ಕಂಡಾಗಲಾದರೂ ನನ್ನ ಮಂಡೆಗೆ ಹೊಳೆಯಬೇಕಿತ್ತು. ಹೊಳೆಯಿತು, ಆದರೆ ಅಷ್ಟರಲ್ಲಿ ಗಿರಿಜೆ ಓದಲು ಶುರು ಮಾಡಿಯಾಗಿತ್ತು. ನಾನು ಕಲಿಸಿದ ಹಾಗೆ, ಬೆರಳಿಟ್ಟು, ಗಟ್ಟಿಯಾಗಿ, ನಿಲ್ಲುವಲ್ಲಿ ನಿಂತು:

"ಚಿರಂಜೀವಿ ಗಿರಿಜೆಗೆ ಆಶೀರ್ವಾದ. ನಾನು ಕ್ಷೇಮ. ಇಲ್ಲಿ ಮನೆಗೆ ನಿನ್ನ ಚಿಕ್ಕಮ್ಮ ಬಂದಿದ್ದಾಳೆ. ಖೋಲಿ ಸಣ್ಣದು. ಆದ್ದರಿಂದ ನಿನ್ನನ್ನು ಸದ್ಯಕ್ಕೆ ಕರೆಸುವುದು ಆಗುವುದಿಲ್ಲ. ಅಜ್ಜನ ಮಾತು ಕೇಳಿಕೊಂಡು ಇರು. ಈ ವಿಳಾಸಕ್ಕೆ ಬರೆಯಬೇಡ, ನಾವು ಖೋಲಿ ಬದಲಾಯಿಸುತ್ತೇವೆ."

ಕೆಳಗಿನ ಸಹಿಯನ್ನೂ ಓದಿದಳು. ಹಿಂದೆ ತಿರುಗಿಸಿ ನೋಡಿದಳು. ಹಿಂದೆ ಏನೂ ಇರಲಿಲ್ಲ.

"ಅಜ್ಜಾ, ಸದ್ಯಕ್ಕೆ ಅಂದ್ರೆ ಎಷ್ಟು ದಿನಾ?"

ಊರಿಗೆಲ್ಲ ಅರ್ಥ ಹೇಳಿಕೊಟ್ಟ ಮಾಸ್ತರರು ತೊಳೆದಿಟ್ಟ ಪಾಟಿಯನ್ನೇ ಮತ್ತೆ ಎತ್ತಿಕೊಂಡು ಒರೆಸತೊಡಗಿದರು. ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಮರುದಿನ ನಾನು ಕಾರವಾರಕ್ಕೆ ಹೊರಟೆ. ಹೋಗು ಎಂದು ಯಾರೂ ಅನ್ನಲಿಲ್ಲ. ಗಿರಿಜೆ ಬಾಗಿಲಿಗೆ ಬರಲಿಲ್ಲ. ದೊಡ್ಡಪ್ಪ ನಾನು ಬೇಡವೆಂದರೂ ನನ್ನ ಚೀಲ ಹಿಡಿದು ಮೋಟಾರು ನಿಲ್ಲುವಲ್ಲಿಯವರೆಗೆ ಬಂದರು. ದಾರಿಯಲ್ಲಿ ಹತ್ತಾರು ಅಂಗಡಿಗಳ ಹಲಗೆ ಸಿಕ್ಕವು. ಒಂದನ್ನೂ ತಲೆಯೆತ್ತಿ ನೋಡಲಿಲ್ಲ.

"ದೊಡ್ಡಪ್ಪಾ, ನಂಗೆ ಗೊತ್ತಿರ್ಲಿಲ್ಲ."

"ನಿಂಗೆ ಹ್ಯಾಂಗೆ ಗೊತ್ತಾಗ್ಬೇಕಾ? ನಾ ಯಾರಿಗೂ ಹೇಳ್ಲಿಲ್ಲ."

"ಎಷ್ಟು ದಿನ ಹೀಗೆ ಅ ಬರೆಸ್ತಿದ್ರಿ?"

"ಅಂವ ಮನಸ್ಸು ತಿರುಗಿ ಇನ್ನೊಂದು ಕಾಗದ ಹಾಕೂ ವರೆಗೆ. ಅದು ಬಂದ್ರೆ ಅದನ್ನ ಇವಳ ಕೈಲಿ ಕೊಟ್ಟು ಇದನ್ನ ಒಲೆಗೆ ಹಾಕೂದು ಅಂತಿದ್ದೆ."

ಮೋಟಾರು ಬಂತು. ಚೀಲವನ್ನು ನನ್ನ ಕೈಗೆ ಕೊಟ್ಟರು. ನಾನು ಹತ್ತಿ ಕೂತ ಮೇಲೆ ಕಿಟಕಿಯ ಹತ್ತಿರ ಬಂದು, ನನ್ನನ್ನು ನೋಡದೆ ಹೇಳಿದರು:

"ಚಲೋ ಕಲಿಸ್ದೆ ತಮಾ. ನಿನ್ನೆ ಅವಳು ಓದುವಾಗ ನಾ ಒಂದೇ ಒಂದು ತಪ್ಪಿಗೆ ಕಾಯ್ತಾ ಇದ್ದೆ. ಎಲ್ಲಾದ್ರೂ ಒಂದ್ಕಡೆ ಎಡವಿದ್ರೆ ಸಾಕಿತ್ತು. 'ನಿಂಗಿನ್ನೂ ಓದುಕೆ ಬರೂದಿಲ್ಲ ಮಗಾ, ಅಪ್ಪ ಹಾಂಗೆ ಬರೀಲಿಲ್ಲ' ಅಂತ ಕಾಗದ ತಿರುಗಿ ತಕಂತಿದ್ದೆ. ಮೂವತ್ತು ವರ್ಷ ಮಕ್ಕಳ ತಪ್ಪು ಹುಡುಕಿದವ ನಾನು. ಅವಳು ಒಂದೂ ತಪ್ಪಲಿಲ್ಲ."