ಗುಡವಿ ಕೆರೆಯನ್ನು ಸಮುದ್ರವೆಂದು ಪರಿಗಣಿಸತಕ್ಕದ್ದು

ಚಂದ್ರಗುತ್ತಿಯ ಗುತ್ಯಪ್ಪ ಮೊದಲ ಬಾರಿ ಊರು ಬಿಟ್ಟು ನಡೆದದ್ದು ನಾಗರಪಂಚಮಿಯ ಮಾರನೆಯ ಬುಧವಾರ. ನಾಲ್ಕನೇ ಕ್ಲಾಸಿನ ಮೇಷ್ಟ್ರು ಹದಿಮೂರರ ಮಗ್ಗಿ ಹೇಳೆಂದರು. ಎದ್ದವನು ಹಾಗೇ ನಡೆದು, ಹೊನ್ನಾವರದ ಬಂದರು ಸಿಕ್ಕಿದ ಮೇಲೆಯೇ ನಿಂತ. ಅಲ್ಲಿಂದಾಚೆ ಮಚವೆ ದೋಣಿಗಳಲ್ಲಿ ಹಗ್ಗ ಎಳೆದುಕೊಂಡಿದ್ದ. ೧೯೫೮ರ ಮಳೆಗಾಲದಲ್ಲಿ ಕಡಲು ಮುಚ್ಚಿತೆಂದು ಈ ಕಡೆ ಬಂದರೆ, ಶಿಕಾರಿಪುರದಲ್ಲಿ 'ನೌಕಾ ತುರ್ತು ರೇಡಿಯೋ ಆಧುನೀಕರಣ ಉಪಕಚೇರಿ' ತೆರೆದಿತ್ತು.

ಇದರಲ್ಲಿ ಆಶ್ಚರ್ಯವೇನಿಲ್ಲ. ಹಡಗು ಮುಳುಗಿದವರು ತೆಪ್ಪದಲ್ಲಿ ಕೂತು, ತಂತಿಯನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ, ಹಿಡಿಕೆ ತಿರುಗಿಸಿ 'ಕಾಪಾಡಿ' ಎಂದು ಕೂಗಿಸುವ ರೇಡಿಯೋ ಪೆಟ್ಟಿಗೆಗಳು ಹಳತಾಗಿದ್ದವು. ಅವನ್ನು ಹೊಸದು ಮಾಡುವುದು ಗುಟ್ಟಿನ ಕೆಲಸ. ನೌಕೆಯ ಗುಟ್ಟನ್ನು ಶಿಕಾರಿಪುರದಲ್ಲಿ ಯಾವ ಶತ್ರುವೂ ಹುಡುಕಲಾರನೆಂದು ಮೇಲಿನವರು ತೀರ್ಮಾನಿಸಿದ್ದರು. ಗುಟ್ಟಿನ ಕಚೇರಿ ಎಂಬುದು ಎಲ್ಲರಿಗೂ ತಿಳಿಯಲೆಂದು ದೊಡ್ಡ ಬೋರ್ಡು ಹಾಕಿಸಿದ್ದರು.

ನಿಯಮದಂತೆ ಕಚೇರಿಯಲ್ಲಿ ಸಮುದ್ರ ಕಂಡವನೊಬ್ಬ ಇರತಕ್ಕದ್ದು, ಇಲ್ಲದಿದ್ದರೆ ಕಚೇರಿ ಮುಚ್ಚತಕ್ಕದ್ದು. ಶಿಕಾರಿಪುರ, ಸೊರಬ ಎರಡು ತಾಲ್ಲೂಕಿಗೂ ಗುತ್ಯಪ್ಪ ಒಬ್ಬನೇ ಸಿಕ್ಕ. ಅಧಿಕಾರಿ ನಾಗರಾಜಪ್ಪನವರು ಅವನನ್ನು ನೇಮಿಸಿಕೊಂಡು, ಅವನ ಕಡಲ ಪಾಸನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಪಾಸಿಲ್ಲದವನನ್ನು ಯಾವ ದೋಣಿಯೂ ಹತ್ತಿಸಿಕೊಳ್ಳದು.

"ನೂಲಹುಣ್ಣಿಮೆಗೆ ಕಡಲು ತೆರೀತದೆ ಸಾಹೇಬ್ರೆ. ನಾ ಹೋಗ್ಬೇಕು."

"ಪೆಟ್ಟಿಗೆ ಕೂಗ್ಲಿ. ಆಮೇಲೆ ಹೋಗೀಯಂತೆ."

ಪೆಟ್ಟಿಗೆ ಕೂಗಲೊಲ್ಲದು. ಹಿಡಿಕೆಯನ್ನು ಒಂದೇ ಹದದಲ್ಲಿ ತಿರುಗಿಸಬೇಕು. ಗುಮಾಸ್ತರು ತಿರುಗಿಸಿದರೆ ಕೆಮ್ಮುತ್ತಿತ್ತು. ಆ ವಾರವೇ ಪೇಟೆಯ ಹಿಟ್ಟಿನ ಗಿರಣಿ ಕೆಟ್ಟು, ನಾಗರಾಜಪ್ಪನವರ ಮನೆಯಲ್ಲಿ ಜೋಳ ಜೋಳವಾಗಿಯೇ ಉಳಿಯಿತು. ದೇಶದ ಚಿಂತೆ, ರೊಟ್ಟಿಯ ಚಿಂತೆ ಎರಡೂ ಒಟ್ಟಿಗೆ ಬಂದಾಗ ಅವರಿಗೆ ದಾರಿ ಹೊಳೆಯಿತು. ತಗಡು ಕೆಲಸದ ಕುತುಬುದ್ದೀನನನ್ನು ಕರೆಸಿ ಪೆಟ್ಟಿಗೆಯ ಹಿಡಿಕೆಯನ್ನು ಬೀಸುವ ಕಲ್ಲಿಗೆ ಜೋಡಿಸಿದರು.

"ಇದೇನ್ರಿ ಸಾಹೇಬ್ರ, ಹಡಗಿಗೋ ಅಡುಗೆಮನೆಗೋ?" ಎಂದ ಕುತುಬುದ್ದೀನ್.

"ಆಧುನೀಕರಣ," ಎಂದರು ನಾಗರಾಜಪ್ಪನವರು.

ಪರೀಕ್ಷೆ ಸಮುದ್ರದಲ್ಲೇ ಆಗತಕ್ಕದ್ದು. ಹೊನ್ನಾವರಕ್ಕೆ ಪ್ರಯಾಣಭತ್ಯೆ ಮಂಜೂರಾಗಲಿಲ್ಲ. ಆದಕಾರಣ ಪ್ರಕಟಣೆ ಹೊರಟಿತು:

"ಸೊರಬ ತಾಲ್ಲೂಕು ಗುಡವಿ ಕೆರೆಯನ್ನು ಮುಂದಿನ ಆದೇಶದವರೆಗೆ ಸಮುದ್ರವೆಂದು ಪರಿಗಣಿಸತಕ್ಕದ್ದು. ಸಮುದ್ರದಲ್ಲಿ ಎಮ್ಮೆ ತೊಳೆಯುವವರು ದಡ ಬಿಟ್ಟು ಹೋಗಕೂಡದು."

ತೆಪ್ಪದ ಮೇಲೆ ಕಲ್ಲಿಟ್ಟರು. ಗುಡವಿಯ ಹಾಲಮ್ಮ, ಬಸಕ್ಕ ಎದುರುಬದುರು ಕೂತು ಬೀಸುವ ಪದ ಎತ್ತಿದರು. ಗುತ್ಯಪ್ಪ ಗಾಳಿಪಟ ಏರಿಸಿದ. ಕೊಕ್ಕರೆಗಳು ಬೇಸರಪಟ್ಟು ಆಚೆ ಮರಕ್ಕೆ ಹೋದವು. ಪೆಟ್ಟಿಗೆ ಹದವಾಗಿ ಕೂಗತೊಡಗಿತು.

"ಏನಂತದಾ ಗುತ್ಯಾ ಇದು?" ಎಂದಳು ಹಾಲಮ್ಮ.

"ಮುಳುಗ್ತಿದೀವಿ, ಕಾಪಾಡಿ ಅಂತದೆ."

"ಥೂ, ಅಪಶಕುನದ್ದು! ಇತ್ಲಾಗೆ ಇನ್ನೊಂದು ಹಿಡಿ ಜೋಳ ಹಾಕು."

ಸಂಜೆಗೆ ಕರಾವಳಿಯಿಂದ ತಂತಿ ಬಂತು: "ಮುಳುಗುತ್ತಿರುವವರು ಯಾರು?" ನಾಗರಾಜಪ್ಪನವರು ಉತ್ತರಿಸಿದರು: "ಯಾರೂ ಇಲ್ಲ. ಜೋಳ ಮುಗಿದ ಕೂಡಲೇ ನಿಲ್ಲಿಸಲಾಗುವುದು."

ಮೇಲಿನವರು ಹಿಗ್ಗಿದರು. ಇನ್ನು ಮುಂದೆ ಪ್ರತಿ ತೆಪ್ಪದಲ್ಲೂ ಬೀಸುವ ಕಲ್ಲು, ಚೀಲ ಜೋಳ, ಪದ ಬಲ್ಲ ಇಬ್ಬರು ಹೆಂಗಸರು ಇರತಕ್ಕದ್ದೆಂದೂ, ಭಾರ ಹೆಚ್ಚಾದಲ್ಲಿ ಮುಳುಗಿದವರ ಸಂಖ್ಯೆಯನ್ನು ಕಡಿಮೆ ಮಾಡತಕ್ಕದ್ದೆಂದೂ ಆದೇಶವಾಯಿತು. ಪರೀಕ್ಷೆ ದಿನವೂ ನಡೆಯಿತು. ಹಿಟ್ಟು ಸರ್ಕಾರಿ ಉಪೋತ್ಪನ್ನವಾಗಿ ನಾಗರಾಜಪ್ಪನವರ ಮನೆ ಸೇರುತ್ತಿತ್ತು.

ಹುಣ್ಣಿಮೆ ಹತ್ತಿರಾಯಿತು. ಗುತ್ಯಪ್ಪ ಬೀರುವಿನ ಮುಂದೆ ನಿಂತ.

"ಪೆಟ್ಟಿಗೆ ಕೂಗ್ತಲ್ಲ ಸಾಹೇಬ್ರೆ."

"ನೀ ಹೋದ್ರೆ ಸಮುದ್ರ ಕಂಡೋರು ಯಾರಿದಾರೋ? ಕಚೇರಿ ಮುಚ್ಚಿಸ್ತೀಯೇನು?"

ಗುತ್ಯಪ್ಪ ತಲೆ ಕೆರೆದುಕೊಂಡ. "ಗುಡವಿ ಕೆರೆ ಸಮುದ್ರ ಹೌದಲ್ರಾ?"

"ಆದೇಶವೇ ಇದೆ."

"ಹಂಗಾರೆ ಹಾಲಮ್ಮ ಹುಟ್ಟಿದಾಗಿಂದ ಸಮುದ್ರ ಕಂಡೋಳು. ಅವಳ ಎಮ್ಮೆನೂ ಕಂಡದೆ."

ನಾಗರಾಜಪ್ಪನವರು ಬಹಳ ಹೊತ್ತು ತಪ್ಪು ಹುಡುಕಿದರು. ತಮ್ಮದೇ ಸಹಿಯಿದ್ದ ಆದೇಶದಲ್ಲಿ ಏನೂ ಸಿಗಲಿಲ್ಲ. ಹಾಲಮ್ಮನನ್ನು ಸಮುದ್ರ ಕಂಡವಳೆಂದು ನೇಮಿಸಿದರು. ವಯಸ್ಸಿನ ದಾಖಲೆ ಇಲ್ಲದ್ದರಿಂದ ಎಮ್ಮೆಯನ್ನು ಕೈಬಿಟ್ಟರು. ಬೀರು ತೆರೆದು ಪಾಸು ಕೊಟ್ಟರು.

ಗುತ್ಯಪ್ಪ ಕಚೇರಿಯ ಜಗಲಿಯಲ್ಲಿ ಕಂಬಳಿ ಸುತ್ತುತ್ತಿದ್ದಾಗ, ಹಾಜರಿ ಹಾಕಲು ಬಂದ ಹಾಲಮ್ಮ ಕೇಳಿದಳು: "ಸಮುದ್ರ ಇಲ್ಲೇ ಇರುವಾಗ ಎಲ್ಲಿಗೆ ಹೊರಟೆ ಮಾರಾಯಾ?"

"ಇದ್ರಾಗೆ ಉಪ್ಪಿಲ್ಲಲ್ಲ, ಹಾಲಕ್ಕ."

ಒಳಗಿನಿಂದ ನಾಗರಾಜಪ್ಪನವರು ಇದನ್ನು ಕೇಳಿಸಿಕೊಂಡರು. ಮಧ್ಯಾಹ್ನಕ್ಕೆಲ್ಲ ಗುಡವಿಯಲ್ಲಿ ಡಂಗುರ: ಸಮುದ್ರದ ಲೋಪ ಸರಿಪಡಿಸಲು ಮನೆಗೊಂದು ಸೇರು ಉಪ್ಪು ತಂದು ಸುರಿಯತಕ್ಕದ್ದು! ಜನ ಸೇರು ಹಿಡಿದು ಏರಿಯ ಮೇಲೆ ಸಾಲುಗಟ್ಟಿದರು. ಕಲ್ಲುಪ್ಪೋ ಪುಡಿಯುಪ್ಪೋ ಎಂಬುದೊಂದನ್ನು ಬಿಟ್ಟು ಯಾರೂ ಏನೂ ಕೇಳಲಿಲ್ಲ.

ಅಷ್ಟು ಹೊತ್ತಿಗೆ ಗುತ್ಯಪ್ಪ ಪಾಸನ್ನು ಒಳಜೇಬಿಗೆ ಸೇರಿಸಿ, ಕಂಬಳಿ ಗಂಟಿನ ಕೊನೆಯನ್ನು ಹಲ್ಲಲ್ಲಿ ಕಚ್ಚಿ ಬಿಗಿದು, ಹೊನ್ನಾವರದ ದಾರಿ ಹಿಡಿದಿದ್ದ.