ಎಂಜಿನನ್ನು ಇಳಿಸಿಬಿಟ್ಟ ಮೈಲನವರಿಗೆ

...ಎತ್ತಿಗೆ ಮರೆವಿಲ್ಲ ಎಂದೋ, ಮರೆಯುವಷ್ಟು ಬಿಡುವಿಲ್ಲ ಎಂದೋ ನಮ್ಮ ತಂದೆಯವರು ಹೇಳುತ್ತಿದ್ದರು. ಎರಡರಲ್ಲಿ ಯಾವುದೆಂದು ನನಗೀಗ ನೆನಪಿಲ್ಲ, ತಮಗಿರಬಹುದು.

ಹಿರೇಗುಂಟನೂರು, ೧೯೧೩

ಮಾನ್ಯರಾದ ಮೈಲನವರೇ,

ನಮ್ಮ ತೋಟದ ಕಪಿಲೆ ಬಾವಿಯಲ್ಲಿ ಒಂಬತ್ತು ವರ್ಷ ಎಡಗಡೆಯ ಎತ್ತಾಗಿ ನೀರೆತ್ತಿದ ತಮ್ಮ ಕೊಂಬುಗಳಿಗೂ ಗೊರಸುಗಳಿಗೂ ವಂದಿಸಿ, ಗಂಗಾಧರಪ್ಪನಾದ ನಾನು ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ತಾವು ಓದುವವರಲ್ಲವಾದ್ದರಿಂದ ಇದನ್ನು ಬಹಿರಂಗವಾಗಿಯೇ ಬರೆದಿದ್ದೇನೆ. ನಡೆದ ಸಂಗತಿಯನ್ನು ಊರವರು ಹೇಗೂ ನನಗಿಂತ ಚೆನ್ನಾಗಿ ಹೇಳುತ್ತಿದ್ದಾರೆ. ತಮ್ಮ ಬಲಗಡೆಯ ಜೊತೆಗಾರ ಕರಿಯನ ಮೇಲೆ ನನಗೆ ದೂರಿಲ್ಲ. ಅವನು ತಮ್ಮನ್ನು ನೋಡಿ ನಡೆಯುವವನು.

ದುರ್ಗದ ಬಿಳಿಯ ದೊರೆಯೊಬ್ಬರಿಂದ ನಾನು ಕೊಂಡ ಮೋಟಾರು ಹೊಳಲ್ಕೆರೆಗೆ ಎರಡು ಸಲ ಹೋಗಿ ಒಂದು ಸಲ ತಾನಾಗಿ ಹಿಂತಿರುಗಿದ್ದು ತಮಗೆ ಗೊತ್ತು, ಏಕೆಂದರೆ ಇನ್ನೊಂದು ಸಲ ಅದನ್ನು ಎಳೆದು ತಂದವರು ತಾವೇ. ಚಕ್ರ ತಿರುಗಿಸುವ ಹಲ್ಲುಗಳೆಲ್ಲ ಉದುರಿದರೂ ಎಂಜಿನ್ ಗಟ್ಟಿಯಾಗಿತ್ತು. ಅದನ್ನು ಬಿಚ್ಚಿ ಬಾವಿಯ ಮೇಲೆ ಕೂರಿಸಿ ನೀರೆತ್ತಿಸುವುದೆಂದೂ, ತಮ್ಮ ಜೋಡಿಯನ್ನು ಹಿರಿಯೂರಿನ ದನದ ಸಂತೆಗೆ ಹೊಡೆಸುವುದೆಂದೂ, ತಮ್ಮನ್ನು ಹೂಡುವ ಕಾಟಲಿಂಗಪ್ಪ ಹೊಸದುರ್ಗದ ಕಡೆ ತನ್ನ ಅಣ್ಣನ ಕುರಿ ಕಾಯಲು ಹೋಗುವುದೆಂದೂ ನಾನು ನಿಶ್ಚಯಿಸಿದ್ದೆ. ಅವನು ತಮ್ಮ ನೊಗ ಕಟ್ಟುತ್ತಿರುವಾಗ ಇದನ್ನು ತಮ್ಮ ಮುಂದೆಯೇ ಹೇಳಿದ್ದು ನನ್ನ ಅವಿವೇಕ.

ಎಂಜಿನ್ ಎತ್ತುವುದಕ್ಕೆ ಮದರಾಸಿನ ಕಂಪನಿಯವರು ಕಬ್ಬಿಣದ ಮುಕ್ಕಾಲಿ, ಸರಪಳಿ ಎಂದೆಲ್ಲ ಚಿತ್ರ ಬರೆದು ಕಳಿಸಿದ್ದರು. ನಾನು ಅದನ್ನು ನೋಡಿ ನಕ್ಕು, ಈಗ ಮೋಟಾರು ಮನೆಯಾಗಿರುವ ಗಾಡಿ ಕೊಟ್ಟಿಗೆಯಲ್ಲಿ ಎರಡು ಜಾಲಿ ಕಂಬ ನೆಟ್ಟು, ಬೇವಿನ ತೊಲೆ ಹಾಯಿಸಿ, ಇನ್ನು ಬೇಡವಾದ ಕಪಿಲೆಯ ರಾಟೆಯನ್ನೂ ತೊಗಲಿನ ಮಿಣಿಯನ್ನೂ ಬಾವಿಯಿಂದ ಬಿಚ್ಚಿ ತಂದು ಅದಕ್ಕೆ ಕಟ್ಟಿದೆ. ಮಿಣಿಯ ಒಂದು ತುದಿಗೆ ಎಂಜಿನ್, ಇನ್ನೊಂದು ತುದಿಗೆ ತಾವು. ಕಂಪನಿಯವರ ಚಿತ್ರದಲ್ಲಿ ಎತ್ತು ಇರಲಿಲ್ಲ. ಅದು ಅವರ ದಾರಿದ್ರ್ಯವೆಂದುಕೊಂಡೆ.

ಎಂಜಿನ್ ತನ್ನ ಮೈ ತಂಪಾಗಿರಲೆಂದು ಹೊಟ್ಟೆಯೊಳಗೆ ನೀರು ಇಟ್ಟುಕೊಂಡಿರುತ್ತದೆ. ಅದನ್ನು ಮೊದಲೇ ಹೊರಬಿಡಲು ಕಾಟಲಿಂಗಪ್ಪನಿಗೆ ಹೇಳಿದ್ದೆ. "ಎಲ್ಲಾ ಬಸ್ದೀನ್ರಿ ಸಾವ್ಕಾರ್ರೆ, ಹನಿ ನೀರಿಲ್ಲ" ಎಂದ. ತಮ್ಮನ್ನು ಹೊಡೆದುಕೊಂಡು ಬೀದಿಯತ್ತ ಹೊರಟ. ರಾಟೆ ಬಾವಿಯಲ್ಲಿ ಕಿರುಗುಟ್ಟುವಂತೆಯೇ ಕಿರುಗುಟ್ಟಿತು. ಎಂಜಿನ್ ಮೇಲೇರಿ ನನ್ನ ಎದೆಯ ಮಟ್ಟಕ್ಕೆ ಬಂದು ನಿಂತಾಗ, ನೋಡಲು ಬಂದಿದ್ದ ಪಟೇಲರ ಮುರುಗೇಶಪ್ಪನವರು ನನ್ನನ್ನು ಎಂಜಿನಿಯರಾಗಿ ಮೈಸೂರಿಗೆ ಕಳಿಸಬೇಕಿತ್ತು ಎಂದರು. ಮೋಟಾರನ್ನು ಹಿಂದಕ್ಕೆ ತಳ್ಳಿದೆವು. ಅದರ ಜಾಗಕ್ಕೆ ಗಾಡಿ ತರಬೇಕು, ಅಷ್ಟರಲ್ಲಿ ಎಂಜಿನ್ ಕೊಂಚ ವಾಲಿತು, ಬಾಯಿಂದ ಗಳಗಳನೆ ಎರಡು ಕೊಡದಷ್ಟು ನೀರು ಸುರಿಯಿತು.

ಆಗ ತಾವು ಮಾಡಿದ್ದನ್ನು ಎಷ್ಟು ಹೊಗಳಿದರೂ ಕಡಿಮೆಯೇ. ರಾಟೆ ಕಿರುಗುಟ್ಟಿದ ಮೇಲೆ ನೀರು ಸುರಿದ ಸದ್ದಾದರೆ ತೊಗಲಿನ ಬಾನಿ ಬರಿದಾಯಿತೆಂದು, ಬರಿದಾದರೆ ಹಿಂದೆ ಹಿಂದೆ ನಡೆದು ಅದನ್ನು ಮತ್ತೆ ಬಾವಿಗೆ ಇಳಿಸಬೇಕೆಂದು ತಮಗೆ ಕಲಿಸಿದವರು ನಾವೇ. ತಾವು ಕಿವಿ ನಿಮಿರಿಸಿದಿರಿ. ಒಂದೊಂದೇ ಹೆಜ್ಜೆ, ಗಾಬರಿಯಿಲ್ಲದೆ, ಒಂಬತ್ತು ವರ್ಷದ ಅದೇ ನಡಿಗೆಯಲ್ಲಿ, ನಾನು ಅಡ್ಡ ನಿಂತು ಕೈ ಬೀಸುತ್ತಿರುವಾಗ, ನನ್ನನ್ನು ಬಾಲದಿಂದ ಸರಿಸಿ ಹಿಂದಕ್ಕೆ ಬಂದಿರಿ. ಎಂಜಿನ್ ನಿಧಾನವಾಗಿ ಇಳಿದು ಕೊಟ್ಟಿಗೆಯ ನೆಲದಲ್ಲಿ ಹೂತಿದ್ದ ಹಳೆಯ ಒರಳುಕಲ್ಲಿನ ಮೇಲೆ ಕೂತಿತು. ಮೇಲಿಂದ ಬಿದ್ದಿದ್ದರೆ ಬೈಯಬಹುದಿತ್ತು. ಅಷ್ಟು ಮರ್ಯಾದೆಯಿಂದ ಕೂತು, ಅಡಿಯ ಎರಕದ ಲೋಹ ಸೀಳಿ, ಎಣ್ಣೆ ಬಿಟ್ಟಿತು.

ಬಾಗಿಲಲ್ಲಿದ್ದ ನನ್ನ ಹೆಂಡತಿ ಸರ್ವಮಂಗಳ, "ಕಲ್ಸಿದ್ದು ಮರೀಲಿಲ್ಲ, ಅಷ್ಟಾದ್ರೂ ಸಂತೋಷ ಪಡ್ರಿ" ಎಂದಳು.

ಆದ್ದರಿಂದ ತಮ್ಮಲ್ಲಿ ಬೇಡುವುದಿಷ್ಟೆ. ಬಾವಿಯ ನೀರಿನ ಸದ್ದಿಗೂ ಮೋಟಾರಿನ ನೀರಿನ ಸದ್ದಿಗೂ ಇರುವ ಭೇದವನ್ನು ಎಂಜಿನನ್ನು ಮತ್ತೆ ಎತ್ತಲಿರುವ ಮುಂದಿನ ಸೋಮವಾರದೊಳಗೆ ಕಲಿಯಬೇಕು. ಒಂಬತ್ತು ವರ್ಷ ಕಲಿತದ್ದನ್ನು ಮೋಟಾರು ಮನೆಯ ಹೊಸ್ತಿಲಲ್ಲಿ ಬಿಟ್ಟು ಒಳಬಂದು, ಹೊರಗೆ ಹೋಗುವಾಗ ಮರೆಯದೆ ತೆಗೆದುಕೊಂಡು ಹೋಗಬೇಕು. ಅಲ್ಲಿಯವರೆಗೆ ಮೆಣಸಿನ ಗಿಡಗಳು ನಾಲ್ಕು ದಿನದಿಂದ ತಲೆ ಬಾಗಿಸಿರುವುದರಿಂದ, ರಾಟೆಯನ್ನು ಬಾವಿಗೆ ಮರಳಿ ಕಟ್ಟಿಸಿದ್ದೇನೆ, ಹಿರಿಯೂರಿನ ಸಂತೆಯನ್ನು ಮುಂದಕ್ಕೆ ಹಾಕಿದ್ದೇನೆ. ತಾವು ಮೊದಲಿನ ಕೆಲಸಕ್ಕೆ ದಯಮಾಡಿಸಬೇಕು.

ತಮ್ಮ ಬಾಲದ ಹಿಂದೆ ನಿಂತಿರುವ ವಿಶ್ವಾಸಿ,
ಗಂಗಾಧರಪ್ಪ

ಬರೆದು ಮುಗಿಸಿದ ಮೇಲೆ ಹೊಳೆದದ್ದು: ಎಂಜಿನಿನ ಅಡಿಯಲ್ಲಿ ನೀರು ಹೊರಬಿಡುವ ತಿರುಪನ್ನು ಇವತ್ತು ನೋಡಿದೆ. ಬಿಗಿಯಾಗಿತ್ತು, ಅದರ ಮೇಲೆ ಹೊಳಲ್ಕೆರೆ ದಾರಿಯ ಕೆಂಪು ಧೂಳು ಹಾಗೆಯೇ ಕೂತಿತ್ತು, ಬೆರಳಿನ ಗುರುತಿರಲಿಲ್ಲ. ಈಗ ಬಾವಿಯ ಕಡೆಯಿಂದ ಕಾಟಲಿಂಗಪ್ಪನ ಕಪಿಲೆಯ ಹಾಡು ಕೇಳಿಸುತ್ತಿದೆ, ಎಂದಿಗಿಂತ ಒಂದು ಚೂರು ಗಟ್ಟಿಯಾಗಿ. ಅವನು ಎದುರಿಗೆ ಬಂದರೆ ನಾನು ಈ ಪ್ರಶ್ನೆ ಕೇಳಲಾರೆ, ಮೆಣಸಿಗೆ ನೀರು ಬೇಕು. ಆದ್ದರಿಂದ ಇಲ್ಲಿಯೇ ಕೇಳುತ್ತೇನೆ. ಕಾಟಲಿಂಗಪ್ಪ, ಆ ತಿರುಪನ್ನು ನೀನು ಮರೆತೆಯೋ, ಇಲ್ಲ ಮೈಲ ಮರೆಯುವುದಿಲ್ಲವೆಂಬುದನ್ನು ನೆನಪಿಟ್ಟುಕೊಂಡಿದ್ದೆಯೋ?