ಎಂಜಿನ್ನಿನ ನಾಡಿ, ನನ್ನ ಎಡಗಾಲು

ಇಡೀ ಹಿಂದೂಸ್ತಾನದಲ್ಲಿ ಎಂಜಿನ್ನಿಗೆ ವೈರು ಹಚ್ಚಿ ಅದರ ಒಳಗಿನ ಬೇನೆ ಓದಿದ ಮೊದಲನೆಯ ಮನುಷ್ಯ ನಾನು. ಸುಳ್ಳು. ವೈರು ಹಚ್ಚಿದ್ದು ಖರೆ, ಓದಿದ್ದು ಏನೇನೂ ಇಲ್ಲ. ಆದರೆ ಸುಳ್ಳು ಹೇಳುವ ಮಷೀನು ಇಟ್ಟುಕೊಂಡವನಿಗೆ ಇಂಥ ಫಜೀತಿಗಳು ಒಂದರ ಬಾಲ ಒಂದು ಹಿಡಿದು ಬರುತ್ತವೆ. ಕೊನೆಯದರಲ್ಲಂತೂ ನನ್ನ ಲಗ್ನವೇ ತಪ್ಪುವುದಿತ್ತು.

ಪೆಟ್ಟಿಗೆ ಹುಟ್ಟಿದ್ದು

ಎಂಬತ್ತರ ದಶಕದ ಮಾತು. ಅಣ್ಣಿಗೇರಿಯಲ್ಲಿ ನನ್ನದೊಂದು ತಗಡಿನ ಗ್ಯಾರೇಜು. ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿಕೆ ಕಿವಿಗೆ ಹಚ್ಚಿ, ಒಳಗೆ ಏನು ಸವೆದಿದೆ ಎಂದು ಹೇಳುತ್ತಿದ್ದೆ. ಹತ್ತರಲ್ಲಿ ಆರು ಸಲ ಸರಿಯಾಗುತ್ತಿತ್ತು. ಆದರೂ ಜನ, "ಕಿವಿಲೆ ಏನ್ ತಿಳೀತೈತೋ? ನಿನ್ನ ಕಡೆ ಮಷೀನ್ ಇಲ್ಲೇನು?" ಅನ್ನುತ್ತಿದ್ದರು.

ಮಷೀನ್ ಬೇಕಲ್ಲ? ಮಾಡಿದೆ. ಕೆಟ್ಟುಹೋದ ಸ್ಟೆಬಿಲೈಜರಿನ ಮುಳ್ಳಿನ ಮೀಟರನ್ನು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಕೂರಿಸಿ, ಒಳಗೆ ಬ್ಯಾಟರಿಯ ಸೆಲ್ಲು ಇಟ್ಟೆ. ಹೊರಗೆ ಒಂದು ಕೆಂಪು, ಒಂದು ಕರಿ ವೈರು, ತುದಿಗೆ ಚಿಮಟಿಗೆ. ಅವೆರಡೂ ಬರೀ ಶೃಂಗಾರ. ಖರೇ ವೈರು ಕೆಳಗಿಂದ ಹೋಗಿ ಗೋಣಿಚೀಲದ ಅಡಿಯ ಬೆಲ್ಲಿನ ಬಟನ್ನಿಗೆ ಸೇರಿತ್ತು. ಎಡಗಾಲಿನ ಹೆಬ್ಬೆರಳಿನಿಂದ ಒತ್ತಿದರೆ ಮುಳ್ಳು ಜಿಗಿಯುತ್ತಿತ್ತು.

ಮೊದಲು ಬಂದವ ನವಲಗುಂದದ ಒಬ್ಬ ಜೀಪ್ ಡ್ರೈವರ್. ನಾನು ಕಿವಿಗೊಟ್ಟು ಕೇಳಿ "ವಾಲ್ವ್ ಸಡಿಲಾಗ್ಯಾವು" ಅಂದಾಗ ನಕ್ಕ. ಅದನ್ನೇ ಮುಳ್ಳು ಜಿಗಿಸಿ ಹೇಳಿದೆ. ಚಪ್ಪಲಿ ಕಳಚಿ ಕೈಮುಗಿದ. ನನಗಲ್ಲ, ಪೆಟ್ಟಿಗೆಗೆ.

ಸೆಲ್ಲು ತೀರಿದ ದಿನ

ಕುಂದಗೋಳದ ಸಾವ್ಕಾರರೊಬ್ಬರ ಜೀಪು ಬಂದಿತ್ತು. ಬಟನ್ ಒತ್ತಿದೆ, ತುಳಿದೆ, ಅದರ ಮೇಲೆ ಕುಣಿದೆ. ಸೆಲ್ಲು ಸತ್ತಿತ್ತು, ಮುಳ್ಳು ಮಲಗೇ ಇತ್ತು. "ಏನೂ ದೋಷಿಲ್ಲರೀ, ಆರಾಮ್ ಹೋಗಿ ಬರ್ರಿ" ಅಂದೆ. ಖುಷಿಯಾಗಿ ಪೇಡೆ ಕೊಟ್ಟು ಹೋದರು. ತಿರುವು ದಾಟುವುದರೊಳಗೆ ಜೀಪು ನಿಂತಿತು. ಹತ್ತು ಮಂದಿ ಹಿಂದಕ್ಕೆ ದಬ್ಬಿಕೊಂಡು ಬಂದರು.

"ದೋಷಿಲ್ಲ ಅಂದ್ಯಲ್ಲೋ ಲೇ?"

"ಎಷ್ಟ್ ಹಗೂರ ದಬ್ಬಿಸಿಕೊಂಡು ಬಂತು ನೋಡ್ರಿ ಸಾವ್ಕಾರ್ರ! ಗಾಲಿ ಅಗದಿ ಛಲೋ ಅದಾವು."

ಪೇಡೆ ವಾಪಸ್ ಕೇಳಿದರು. ನುಂಗಿಬಿಟ್ಟಿದ್ದೆ.

ಪಾಳಿ

ಒಬ್ಬ ಕಾಕಾ ಎಮ್ಮೆ ಹೊಡೆದುಕೊಂಡು ಬಂದ. "ಟ್ರ್ಯಾಕ್ಟರಿನ ಹೊಟ್ಟಿಬ್ಯಾನಿ ತಿಳೀತೈತಿ, ಇದರದು ತಿಳ್ಯಾಂಗಿಲ್ಲೇನು? ಹಾಲ್ ಕಡಿಮಿ ಮಾಡೇತಿ." ಚೇಷ್ಟೆಗೆ ಕೋಡಿಗೆ ಚಿಮಟಿಗೆ ಹಚ್ಚಿ, ಮುಳ್ಳು ಜಿಗಿಸಿ, "ಹಿಂಡಿ ಸಾಲವಲ್ದು ಕಾಕಾ" ಅಂದೆ. ಎಲುಬು ಎಣಿಸುವಂತಿದ್ದ ಎಮ್ಮೆಗೆ ಇನ್ನೇನು ಹೇಳಲಿ? ಹಿಂಡಿ ಹಾಕಿದ, ಎಮ್ಮೆ ಹಾಲು ಕೊಟ್ಟಿತು. ಮರುವಾರ ಟೆಂಪೋದವನೊಬ್ಬ ಗ್ಯಾರೇಜಿನ ಮುಂದೆ ಹಾರ್ನ್ ಹೊಡೆದು, "ಮುಂದಿನ ಪಾಳಿ ಯಾರದ್ರಿ?" ಅಂತ ಕೇಳಿದ.

"ಆ ಕೋಡು ಮುರದ ಎಮ್ಮೀದು. ನಿಂದು ಅದರ ಹಿಂದ."

ಶಲವಡಿಯ ಟ್ರ್ಯಾಕ್ಟರ್

ನನಗೆ ಮೂವತ್ತು ದಾಟಿತ್ತು. ಉಗುರಿನಲ್ಲಿ ಗ್ರೀಸ್ ಇದ್ದವನಿಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಪೆಟ್ಟಿಗೆಯ ಕೀರ್ತಿ ಕೇಳಿ ಶಲವಡಿಯ ಗೌಡರೊಬ್ಬರು ಕರೆಸಿದರು.

"ಮಗಳನ್ನ ಕೊಡ್ತೀನಿ. ಮೊದಲ ನಮ್ಮ ಟ್ರ್ಯಾಕ್ಟರ್ ನೋಡು. ದಸರಾದಾಗ ಖಂಡೇಪೂಜಿ ಆದಾಗಿಂದ ಎರಡು ಸುತ್ತು ಹೊಡೀತೈತಿ, ನಿಂದರತೈತಿ. ನೆಟ್ಟಗ ಮಾಡಿದಿ ಅಂದ್ರ ಸೋಮವಾರ ನಿಶ್ಚೇ ಮಾಡೂಣು."

"ಆಗಲಿಲ್ಲ ಅಂದ್ರರೀ?"

"ಐದಕ್ಕ ಬಸ್ ಐತಿ."

ಅಂಗಳದಲ್ಲಿ ಗೋಣಿಚೀಲ ಹಾಸಿ ಪೆಟ್ಟಿಗೆ ಇಟ್ಟೆ. ಮಗಳು ಚಹಾ ತಂದು ಅಲ್ಲೇ ಕಟ್ಟೆಗೆ ನಿಂತಳು. ಹೆಬ್ಬೆರಳು ಒತ್ತಿದೆ. "ಡೀಸೆಲ್ ಪಂಪ್ ರೀ." ಬಿಚ್ಚಿದೆ, ತೊಳೆದೆ, ಟ್ಯಾಂಕಿನ ಮುಚ್ಚಳ ತೆಗೆದು ಡೀಸೆಲ್ ನೋಡಿ ಮತ್ತೆ ಹಾಕಿದೆ, ಚಾಲೂ ಮಾಡಿದೆ. ಎರಡು ಸುತ್ತು, ನಿಂತಿತು. ಮತ್ತೆ ಒತ್ತಿದೆ. "ಫಿಲ್ಟರ್ ರೀ." ಅದನ್ನೂ ತೊಳೆದೆ, ಇನ್ನೊಮ್ಮೆ ಮುಚ್ಚಳ ತೆಗೆದು ನೋಡಿ ಹಾಕಿದೆ. ಎರಡು ಸುತ್ತು, ನಿಂತಿತು. ಗೌಡರು ಗಡಿಯಾರ ನೋಡಿದರು. ನಾಲ್ಕೂವರೆ.

ಆಗ ಮಗಳು ಬಾಯಿ ಬಿಟ್ಟಳು. "ಯಪ್ಪಾ, ಇವರು ಮುಚ್ಚಳ ತಗದಾಗೊಮ್ಮೆ ಗಾಡಿ ಚಾಲೂ ಆಗತೈತಿ. ಹಾಕಿದ ಮ್ಯಾಲೆ ನಿಂದರತೈತಿ."

ಮುಚ್ಚಳ ಎತ್ತಿಕೊಂಡಳು. ಗಾಳಿಯಾಡಲೆಂದು ಅದರ ನೆತ್ತಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಖಂಡೇಪೂಜೆಯ ದಿನ ಗೌಡರು ಭಕ್ತಿಯಿಂದ ಅದರ ಮೇಲೆಯೇ ಮೂರು ಬೊಟ್ಟು ವಿಭೂತಿ ದಪ್ಪಗೆ ಬಳಿದಿದ್ದರು. ತೂತು ಮುಚ್ಚಿ, ಒಳಗೆ ಗಾಳಿಯಿಲ್ಲದೆ ಡೀಸೆಲ್ ಇಳಿಯುತ್ತಿರಲಿಲ್ಲ. ತಲೆಯ ಪಿನ್ನು ತೆಗೆದು ಚುಚ್ಚಿದಳು. ಟ್ರ್ಯಾಕ್ಟರ್ ಹತ್ತು ಸುತ್ತು ಹೊಡೆಯಿತು, ನಿಲ್ಲಲಿಲ್ಲ.

ಗೌಡರು ನನ್ನತ್ತ ತಿರುಗಿದರು. "ನಿನ್ನ ಮೀಟರ್‌ಗೆ ತಿಳೀಲಿಲ್ಲೇನೋ?"

ತಡಬಡಿಸಿ ಒತ್ತಿದೆ. "ಈಗ ನೋಡ್ರಿ, ವಿಭೂತಿ ಅಂತ ತೋರಸಾಕ್ಹತ್ತೈತಿ!"

"ಯಪ್ಪಾ, ಮುಳ್ಳು ನೋಡಬ್ಯಾಡ," ಅಂದಳು ಮಗಳು, "ಇವರ ಎಡಗಾಲು ನೋಡು."

ಗೌಡರು ಗೋಣಿಚೀಲ ಎತ್ತಿದರು. ಬಟನ್ ನೋಡಿದರು. ಬಾರಕೋಲು ಹುಡುಕಿದರು. ನಾನು ಬಸ್ಸಿನ ದಾರಿ ಹುಡುಕಿದೆ.

"ಇರ್ಲಿ ಬಿಡು ಯಪ್ಪಾ," ಅಂದಳು ಆಕೆ. "ಸುಳ್ಳು ಹೇಳೂದು ಮುಂಚೇನ ಕಾಲಾಗ ಕಾಣೂವಂಥಾ ಗಂಡ ಮತ್ತೆಲ್ಲಿ ಸಿಗತಾನ?"

ಸೋಮವಾರ ನಿಶ್ಚಯವಾಯಿತು. ಪೆಟ್ಟಿಗೆ ಗೆದ್ದಲಿಗೆ ಹೋಗಿ ಬಹಳ ವರ್ಷವಾಯಿತು, ಚಾಳಿ ಮಾತ್ರ ಹೋಗಿಲ್ಲ. ಸುಳ್ಳು ಬಾಯಿಗೆ ಬರುವ ಮೊದಲೇ ಎಡಗಾಲಿನ ಹೆಬ್ಬೆರಳು ನೆಲ ಒತ್ತುತ್ತದೆ. ಮನೆಯಲ್ಲಿ ಆಕೆ ನನ್ನ ಮುಖ ನೋಡಿ ಮಾತಾಡಿದ್ದೇ ಇಲ್ಲ.

ಅದಿರಲಿ. ಇವತ್ತು ರೊಕ್ಕ ಮನೆಯಲ್ಲೇ ಮರೆತು ಬಂದಿದ್ದೇನೆ, ನನ್ನ ಚಹಾದ್ದೂ ನೀವೇ ಕೊಟ್ಟುಬಿಡ್ರಿ. ಅಯ್ಯ, ಟೇಬಲ್ಲಿನ ಕೆಳಗ ಯಾಕ ಬಗ್ಗತೀರಿ?